ಮುಗಿಸಿರುತ್ತೇನೆ, ಹೊರಟಿರುತ್ತೇನೆ: ಲಿಯಾನ್‌ನಲ್ಲಿ ಕಲಿತ ಒಂದು ಕಾಲ

ಫ್ರೆಂಚ್ ಕಲಿಯುವವರಿಗೆ ಹೆದರಿಕೆ ಹುಟ್ಟಿಸುವುದು ಕ್ರಿಯಾಪದಗಳ ಪಟ್ಟಿ. ನಾನು, ನೀನು, ಅವನು, ನಾವು, ನೀವು, ಅವರು ಎಂದು ಆರು ಸಾಲು. ಒಂದೊಂದು ಕಾಲಕ್ಕೂ ಮತ್ತೆ ಬೇರೆ ಆರು ಸಾಲು. ಫ್ರಾನ್ಸಿನ ಲಿಯಾನ್ ಊರಿಗೆ ಬಂದು ನೆಲೆಸಿದ ಮೇಲೆ ನಾನು ಒಂದು ಸಂಜೆ ತರಗತಿಗೆ ಸೇರಿದ್ದೆ. ಬಿ1 ಎಂಬ ಮಧ್ಯಮ ಮಟ್ಟ ಮುಗಿಯುತ್ತಾ ಬಂದಾಗ ಟೀಚರ್ ಬೋರ್ಡಿನ ಮೇಲೆ ‘ಫ್ಯುತ್ಯೂರ್ ಆಂತೇರಿಯರ್’ ಎಂದು ಬರೆದರು. ಮುಂದೆ ನಡೆಯುವ ಒಂದು ಕೆಲಸಕ್ಕಿಂತ ಮೊದಲೇ ಇನ್ನೊಂದು ಕೆಲಸ ಮುಗಿದಿರುತ್ತದೆ ಅಲ್ವಾ, ಅದನ್ನು ಹೇಳುವ ಕಾಲ ಇದು.

ಕಟ್ಟುವ ಕ್ರಮ ಸರಳ. ‘ಅವ್ವಾರ್’ (ಹೊಂದಿರು) ಅಥವಾ ‘ಎತ್ರ್’ (ಇರು) ಎಂಬ ಸಹಾಯಕ ಕ್ರಿಯಾಪದವನ್ನು ಭವಿಷ್ಯತ್ ಕಾಲದಲ್ಲಿ ಇಡಬೇಕು. ಅದರ ಹಿಂದೆ ಮುಖ್ಯ ಕ್ರಿಯಾಪದದ ಮುಗಿದ ರೂಪವನ್ನು ಸೇರಿಸಬೇಕು. ‘ಫಿನೀರ್’ ಎಂದರೆ ಮುಗಿಸು, ಅದರ ಮುಗಿದ ರೂಪ ‘ಫಿನಿ’. ಟೀಚರ್ ಹೇಳಿದರು, ನಾವು ಒಟ್ಟಿಗೆ ಹೇಳಿದೆವು: ಜೋರೆ ಫಿನಿ, ತ್ಯು ಓರಾ ಫಿನಿ, ಇಲ್ ಓರಾ ಫಿನಿ, ನೂ ಜೋರೋಂ ಫಿನಿ, ವೂ ಜೋರೆ ಫಿನಿ, ಇಲ್ ಜೋರೋಂ ಫಿನಿ. ಬರವಣಿಗೆಯಲ್ಲಿ ಆ ಸಹಾಯಕ ಪದಕ್ಕೆ ಆರು ಬೇರೆ ಬೇರೆ ರೂಪ. ಪದಗಳು ಅಂಟಿಕೊಂಡಾಗ ಬರುವ ‘ಜ’ ಸದ್ದನ್ನು ಬಿಟ್ಟರೆ ಕಿವಿಗೆ ಮಾತ್ರ ಮೂರೇ: ಓರೆ, ಓರಾ, ಓರೋಂ. ಹಾಗಾಗಿ ಕೇಳಿ ಕಲಿಯುವವರಿಗೆ ಈ ಕಾಲ ಬೇಗ ಒಲಿಯುತ್ತದೆ. ಬರೆಯಲು ಕೂತಾಗ ಮಾತ್ರ ಕೈ ತಡೆಯುತ್ತದೆ.

ಬೋರ್ಡನ್ನು ನೋಡುತ್ತಾ ನಾನು ಪುಸ್ತಕದ ಅಂಚಿನಲ್ಲಿ ಕನ್ನಡದಲ್ಲಿ ಬರೆದುಕೊಂಡೆ. ಮುಗಿಸಿರುತ್ತೇನೆ, ಮುಗಿಸಿರುತ್ತೀಯ, ಮುಗಿಸಿರುತ್ತಾನೆ, ಮುಗಿಸಿರುತ್ತೇವೆ. ಬರೆದು ನೋಡಿದರೆ ಖುಷಿಯಾಯಿತು. ‘ಮುಗಿಸಿ’ ಎಂಬುದು ಕದಲುವುದೇ ಇಲ್ಲ. ಬದಲಾಗುವುದೆಲ್ಲ ‘ಇರು’ ಒಂದೇ. ಫ್ರೆಂಚಿನಲ್ಲೂ ಹಾಗೆಯೇ, ‘ಫಿನಿ’ ನಿಂತಲ್ಲೇ ನಿಂತಿರುತ್ತದೆ, ಆರು ವೇಷ ಹಾಕುವುದು ಸಹಾಯಕ ಪದ. ಅವರದು ಮುಂದೆ ಬರುತ್ತದೆ, ನಮ್ಮದು ಹಿಂದೆ ಬಂದು ಅಂಟಿಕೊಳ್ಳುತ್ತದೆ, ಅಷ್ಟೇ. ನಮ್ಮಲ್ಲಿ ಎಷ್ಟೋ ಜನ ಫ್ರೆಂಚನ್ನು ಇಂಗ್ಲಿಷ್ ಮೂಲಕವೇ ಕಲಿಯುತ್ತಾರೆ. ಈ ಕಾಲದ ಮಟ್ಟಿಗಂತೂ ಅದು ಸುಮ್ನೆ ಸುತ್ತು ದಾರಿ ಎಂದು ನನಗೆ ಅವತ್ತೇ ಅನ್ನಿಸಿತು.

‘ಎತ್ರ್’ ಬಂದಾಗ ವಿಷಯ ಇನ್ನೂ ಸ್ವಾರಸ್ಯವಾಯಿತು. ಹೋಗು, ಬಾ, ಹೊರಡು, ತಲುಪು, ಹತ್ತು, ಇಳಿ, ಹುಟ್ಟು, ಸಾಯು, ಬೀಳು, ಉಳಿ, ಇಂಥ ಕೆಲವು ಕ್ರಿಯಾಪದಗಳು ‘ಅವ್ವಾರ್’ ಬಿಟ್ಟು ‘ಎತ್ರ್’ ಜೊತೆ ಹೋಗುತ್ತವೆ. ಇಲ್ಲಿನ ಟೀಚರ್‌ಗಳು ಇದಕ್ಕೆ ಒಂದು ಮನೆಯ ಚಿತ್ರ ಬರೆಯುತ್ತಾರೆ. ಬಾಗಿಲಲ್ಲಿ ಒಬ್ಬ ಒಳಗೆ ಬರುತ್ತಾನೆ, ಇನ್ನೊಬ್ಬ ಮೆಟ್ಟಿಲು ಹತ್ತುತ್ತಾನೆ, ಮಹಡಿಯಿಂದ ಒಬ್ಬ ಬೀಳುತ್ತಾನೆ. ಹೊರಟಿರುತ್ತೇನೆ ಎನ್ನಲು ‘ಜ ಸರೆ ಪಾರ್ತಿ’. ಅವಳು ಹೊರಟಿರುತ್ತಾಳೆ ಎಂದು ಬರೆಯುವಾಗ ‘ಪಾರ್ತಿ’ಯ ಕೊನೆಗೆ ಇನ್ನೊಂದು ಅಕ್ಷರ ಸೇರಿಸಬೇಕು. ಆ ಅಕ್ಷರ ಬಾಯಲ್ಲಿ ಕೇಳಿಸುವುದೇ ಇಲ್ಲ. ಕನ್ನಡದಲ್ಲಿ ಗಂಡೋ ಹೆಣ್ಣೋ ಎಂಬುದನ್ನು ‘ಇರುತ್ತಾನೆ, ಇರುತ್ತಾಳೆ’ ಹೇಳುತ್ತದೆ. ಫ್ರೆಂಚಿನಲ್ಲಿ ‘ಸರಾ’ ಇಬ್ಬರಿಗೂ ಒಂದೇ, ಲಿಂಗದ ಗುರುತು ಮುಖ್ಯ ಕ್ರಿಯಾಪದದ ಬಾಲದಲ್ಲಿ ಇರುತ್ತದೆ.

ಕೆಲವು ಕ್ರಿಯಾಪದಗಳು ಎರಡೂ ಕಡೆ ಹೋಗುತ್ತವೆ. ‘ದೆಸಾಂದ್ರ್’ ಎಂದರೆ ಇಳಿ. ‘ಜ ಸರೆ ದೆಸಾಂದ್ಯು’ ಎಂದರೆ ನಾನು ಇಳಿದಿರುತ್ತೇನೆ. ‘ಜೋರೆ ದೆಸಾಂದ್ಯು ಲೆ ವಲೀಸ್’ ಎಂದರೆ ಸೂಟ್‌ಕೇಸ್‌ಗಳನ್ನು ಇಳಿಸಿರುತ್ತೇನೆ. ನನ್ನ ಪಕ್ಕ ಕೂತಿದ್ದ ಪೋಲೆಂಡಿನ ಹುಡುಗಿಗೆ ಇದು ತಲೆನೋವಾಗಿತ್ತು. ನನಗೆ ಕನ್ನಡ ಕೈ ಹಿಡಿಯಿತು. ಇಳಿ, ಇಳಿಸು. ಹತ್ತು, ಹತ್ತಿಸು. ಎಲ್ಲಿ ಕನ್ನಡಕ್ಕೆ ‘ಇಸು’ ಬೇಕೋ ಅಲ್ಲಿ ಫ್ರೆಂಚಿಗೆ ‘ಅವ್ವಾರ್’ ಬೇಕು. ಎಲ್ಲ ಕಡೆಗೂ ಇದು ಹೊಂದುವುದಿಲ್ಲ, ಆದರೆ ಈ ಮನೆಯ ಹತ್ತುವ ಇಳಿಯುವ ಮಂದಿಗೆ ಚೆನ್ನಾಗಿ ಹೊಂದುತ್ತದೆ.

ಆ ವಾರದ ಹೋಮ್‌ವರ್ಕ್ ಐದು ವರ್ಷದಲ್ಲಿ ಏನೇನು ಮಾಡಿ ಮುಗಿಸಿರುತ್ತೀರಿ ಎಂದು ಬರೆಯುವುದು. ಜೊತೆಗೆ ‘ಕಾಂ’ (ಆದಾಗ), ‘ದೇ ಕ’ (ಆದ ಕೂಡಲೇ), ‘ಆಪ್ರೆ ಕ’ (ಆದ ಮೇಲೆ) ಇಟ್ಟುಕೊಂಡು ಕೆಲವು ವಾಕ್ಯ. ‘ಕಾಂ ಜೋರೆ ಫಿನಿ, ಜ ತಾಪೆಲರೆ’, ಅಂದರೆ ಮುಗಿಸಿದ ಮೇಲೆ ಫೋನ್ ಮಾಡುತ್ತೇನೆ. ಇಲ್ಲಿ ಕನ್ನಡ ಬೇರೆ ದಾರಿ ಹಿಡಿಯುತ್ತದೆ. ಮುಗಿಸಿರುವುದು ನಾಳೆಯಾದರೂ ನಾವು ‘ಮುಗಿಸಿದ ಮೇಲೆ’ ಎಂದು ಭೂತಕಾಲದ ರೂಪವನ್ನೇ ಬಳಸುತ್ತೇವೆ. ಫ್ರೆಂಚ್ ಅದಕ್ಕೆ ಒಪ್ಪುವುದಿಲ್ಲ. ಎರಡು ಕೆಲಸವೂ ನಾಳೆಯದೇ, ಹಾಗಾಗಿ ಎರಡಕ್ಕೂ ಭವಿಷ್ಯತ್ ಹಾಕು ಎನ್ನುತ್ತದೆ. ಈ ಹಟ ನನಗೆ ಇಷ್ಟ. ಯಾವುದು ಮೊದಲು, ಯಾವುದು ಆಮೇಲೆ ಎಂದು ಕೇಳುವವನಿಗೆ ಅನುಮಾನವೇ ಉಳಿಯುವುದಿಲ್ಲ.

ಇಷ್ಟೆಲ್ಲ ಕಲಿತರೂ ಈ ಕಾಲವನ್ನು ಜನ ದಿನವೂ ಆಡುತ್ತಾರೆ ಎಂದು ನನಗೆ ಅನ್ನಿಸಿರಲಿಲ್ಲ. ಐದು ವರ್ಷದ ಮಾತು ದಿನಾ ಯಾರು ಆಡುತ್ತಾರೆ? ಆ ಶನಿವಾರ ಬೆಂಗಳೂರಿನಿಂದ ನನ್ನ ತಮ್ಮ ಬರುವವನಿದ್ದ. ಪ್ಯಾರಿಸ್‌ನ ಚಾರ್ಲ್ಸ್ ದ ಗೋಲ್ ವಿಮಾನ ನಿಲ್ದಾಣದ ಒಳಗೇ ರೈಲು ನಿಲ್ದಾಣ ಇದೆ. ಅಲ್ಲಿಂದ ಟಿಜಿವಿ ಎಂಬ ಅತಿವೇಗದ ರೈಲು ಹತ್ತಿದರೆ ಸುಮಾರು 2 ಗಂಟೆಯಲ್ಲಿ ಲಿಯಾನ್‌ನ ಪಾರ್ ದ್ಯೂ ನಿಲ್ದಾಣ. ಸಾಮಾನು ಜಾಸ್ತಿ ಇರುತ್ತದೆ ಎಂದು ನಮ್ಮ ಕೆಳಗಿನ ಮನೆಯ ಅಜ್ಜಿ ತಮ್ಮ ಕಾರು ತಂದಿದ್ದರು. ನಿವೃತ್ತರಾದ ಮೇಲೂ ಅವರಿಗೆ ಊರೆಲ್ಲ ಓಡಾಡುವ ಹುರುಪು.

ರೈಲು ಬಂತು. ಜನ ಇಳಿದರು. ತಮ್ಮ ಮಾತ್ರ ಇಲ್ಲ. ಫೋನ್ ಮಾಡಿದರೆ ಸ್ವಿಚ್ ಆಫ್. ಮೊದಲ ಸಲ ದೇಶ ಬಿಟ್ಟು ಬಂದವನು, ಭಾಷೆ ಬರುವುದಿಲ್ಲ. ನನ್ನ ಎದೆ ಹೊಡೆದುಕೊಳ್ಳತೊಡಗಿತು. ಅಜ್ಜಿ ನನ್ನ ಭುಜದ ಮೇಲೆ ಕೈಯಿಟ್ಟು ನಿಧಾನವಾಗಿ ಹೇಳಿದರು, ‘ಇಲ್ ಓರಾ ರಾತೆ ಸೋಂ ತ್ರೇಂ.’

ನಾನು ಅವರ ಮುಖ ನೋಡಿದೆ. ತರಗತಿಯ ಲೆಕ್ಕದಲ್ಲಿ ಅದು ಭವಿಷ್ಯದ ಮಾತು. ರೈಲು ಆಗಲೇ ಬಂದು ನಿಂತಿದೆ, ಇನ್ನು ಮುಂದೆ ತಪ್ಪಿಸಿಕೊಳ್ಳುವುದು ಎಂಥದು? ಅವರು ಮಾತು ಮುಂದುವರಿಸಿದರು. ‘ಇಲ್ ಸ ಸರಾ ಆಂದೋರ್ಮಿ.’ ‘ಇಲ್ ನೋರಾ ಪಾ ಆಂತಾಂದ್ಯು ಲಾನೋಂಸ್.’ ಅಷ್ಟರಲ್ಲಿ ನನಗೆ ಹೊಳೆಯಿತು. ಇವು ನಮ್ಮ ಮನೆಯ ಮಾತುಗಳೇ. ರೈಲು ತಪ್ಪಿಸಿಕೊಂಡಿರುತ್ತಾನೆ. ಎಲ್ಲೋ ನಿದ್ದೆ ಹೋಗಿರುತ್ತಾನೆ. ಅನೌನ್ಸ್‌ಮೆಂಟ್ ಕೇಳಿಸಿರಲಿಕ್ಕಿಲ್ಲ.

ನಾವು ದಿನಕ್ಕೆ ಎಷ್ಟು ಸಲ ಹೀಗೆ ಹೇಳುತ್ತೇವೆ! ಬಸ್ ಹೋಗಿರುತ್ತೆ ಬಿಡು. ಅವರು ಊಟ ಮಾಡಿರುತ್ತಾರೆ. ಅಂಗಡಿ ಬಾಗಿಲು ಹಾಕಿರುತ್ತಾರೆ. ಇದರಲ್ಲಿ ನಾಳೆಯ ಸುದ್ದಿ ಏನೂ ಇಲ್ಲ. ಆಗಿ ಹೋಗಿರುವುದನ್ನು ನಾವು ನೋಡಿಲ್ಲ, ಆದರೆ ಬಹುಪಾಲು ಹೀಗೆಯೇ ಆಗಿದೆ ಎಂದು ಊಹಿಸುತ್ತೇವೆ. ಫ್ರೆಂಚರು ಮಾಡುವುದೂ ಅದನ್ನೇ. ಈಗ ಗೊತ್ತಿಲ್ಲ, ಆಮೇಲೆ ವಿಚಾರಿಸಿದರೆ ಹೀಗೇ ಆಗಿರುವುದು ಗೊತ್ತಾಗುತ್ತದೆ ಎಂಬ ಭಾವ. ಆ ‘ಆಮೇಲೆ’ಗಾಗಿ ಭವಿಷ್ಯತ್, ಆಗಿ ಹೋದದ್ದಕ್ಕಾಗಿ ಮುಗಿದ ರೂಪ. ದಕ್ಷಿಣದ ಒಂದು ಭಾಷೆ, ಲ್ಯಾಟಿನ್‌ನಿಂದ ಹುಟ್ಟಿದ ಇನ್ನೊಂದು ಭಾಷೆ, ಎರಡಕ್ಕೂ ಯಾವ ನೆಂಟಸ್ತನವೂ ಇಲ್ಲ. ಆದರೂ ಕಾಯುತ್ತಾ ನಿಂತ ಮನಸ್ಸು ಎರಡರಲ್ಲೂ ಒಂದೇ ದಾರಿ ಹುಡುಕಿಕೊಂಡಿದೆ. ಆ ಗಾಬರಿಯಲ್ಲೂ ನನಗೆ ಅದು ಬಹಳ ದೊಡ್ಡ ಸಂತೋಷ ಕೊಟ್ಟಿತು.

ಅಜ್ಜಿಯ ಮಾತಿನ ಧಾಟಿಯೂ ನನಗೆ ಹಿಡಿಸಿತು. ತಪ್ಪಿಸಿಕೊಂಡ ಎಂದಿದ್ದರೆ ಅದು ತೀರ್ಪು. ತಪ್ಪಿಸಿಕೊಂಡಿರಬಹುದು ಎಂದಿದ್ದರೆ ನನ್ನ ಭಯ ಹಾಗೇ ಉಳಿಯುತ್ತಿತ್ತು. ತಪ್ಪಿಸಿಕೊಂಡಿರುತ್ತಾನೆ ಎಂದಾಗ ಅದು ಎಲ್ಲರಿಗೂ ಆಗುವ ಸಣ್ಣ ವಿಷಯವಾಗಿಬಿಟ್ಟಿತು. ಮನೆಯಲ್ಲಿ ನಮ್ಮಮ್ಮ ಕೂಡ ಸಮಾಧಾನ ಹೇಳುವಾಗ ಇದೇ ರೂಪ ಬಳಸುತ್ತಾರೆ.

ತಮ್ಮ ಮುಂದಿನ ರೈಲಿನಲ್ಲಿ ಬಂದ. ಪಾಸ್‌ಪೋರ್ಟ್ ಸಾಲು ಉದ್ದವಿತ್ತು, ಫೋನಿನ ಚಾರ್ಜ್ ಮುಗಿದಿತ್ತು. ಅಜ್ಜಿಯ ಮೊದಲ ಊಹೆಯೇ ಸರಿ.

ಮಂಗಳವಾರ ತರಗತಿಯಲ್ಲಿ ಇದನ್ನು ಟೀಚರ್‌ಗೆ ಹೇಳಿದೆ. ಈ ಬಳಕೆಯನ್ನು ಮುಂದಿನ ಮಟ್ಟಕ್ಕೆ ಎಂದು ಇಟ್ಟುಕೊಂಡಿದ್ದರಂತೆ. ಅದು ಸರಿಯಲ್ಲ ಎಂದು ನನಗೆ ಅನ್ನಿಸುತ್ತದೆ, ಅವರಿಗೂ ಹಾಗೇ ಹೇಳಿದೆ. ಐದು ವರ್ಷದ ಯೋಜನೆಗಿಂತ ತಪ್ಪಿದ ರೈಲು ಜನರ ಬಾಯಲ್ಲಿ ಜಾಸ್ತಿ ಬರುತ್ತದೆ. ಮೊದಲು ಇದನ್ನೇ ಕಲಿಸಿದರೆ ಪಟ್ಟಿ ತಾನಾಗಿ ಬಾಯಿಗೆ ಬರುತ್ತದೆ. ಟೀಚರ್ ನಕ್ಕು, ಹಾಗಾದರೆ ಈಗಲೇ ಮಾಡೋಣ ಎಂದರು.

ಅವತ್ತು ಪೋಲೆಂಡಿನ ಹುಡುಗಿ ಇನ್ನೂ ಬಂದಿರಲಿಲ್ಲ. ಯಾಕೆ ಬಂದಿಲ್ಲ, ಒಬ್ಬೊಬ್ಬರೂ ಒಂದೊಂದು ಊಹೆ ಹೇಳಿ ಎಂದರು. ಹಿಂದಿನ ಬೆಂಚಿನ ಎರಿಟ್ರಿಯಾದವರು ಹೇಳಿದರು, ‘ಎಲ್ ಓರಾ ಯು ದ್ಯು ತ್ರವಾಯ್’, ಕೆಲಸ ಬಂದಿರುತ್ತದೆ. ಬ್ರೆಜಿಲ್‌ನ ಹುಡುಗ ‘ಎಲ್ ಸರಾ ತೋಂಬೆ ಮಲಾದ್’ ಎಂದ, ಹುಷಾರು ತಪ್ಪಿರುತ್ತಾಳೆ. ನಾನು ಎತ್ರ್ ಜೊತೆ ‘ತನ್ನನ್ನೇ’ ಎಂಬ ಅರ್ಥದ ‘ಸ’ ಸೇರಿಸಿ ಹೇಳಿದೆ, ‘ಎಲ್ ಸ ಸರಾ ತ್ರೋಂಪೆ ದ ಸಾಲ್’, ಬೇರೆ ಕೋಣೆಗೆ ಹೋಗಿರುತ್ತಾಳೆ. ಟೀಚರ್ ಎಲ್ಲವನ್ನೂ ಬೋರ್ಡಿನ ಮೇಲೆ ಬರೆದು, ಎಲ್ಲೆಲ್ಲಿ ಕೇಳಿಸದ ಆ ಕೊನೆಯ ಅಕ್ಷರ ಬೇಕೋ ಅಲ್ಲೆಲ್ಲ ಕೆಂಪು ಗೆರೆ ಎಳೆದರು. ಒಂದೇ ಒಂದು ವಾಕ್ಯಕ್ಕೆ ಗೆರೆ ಬೀಳಲಿಲ್ಲ, ಅದು ‘ಅವ್ವಾರ್’ ಇದ್ದದ್ದು. ಯಾಕೆ ಎಂದು ಚರ್ಚೆ ಶುರುವಾಗುವಷ್ಟರಲ್ಲಿ ಬಾಗಿಲು ತೆರೆಯಿತು. ಹುಡುಗಿ ಬೋರ್ಡಿನ ತುಂಬ ತನ್ನ ಬಗ್ಗೆಯೇ ಬರೆದಿರುವುದನ್ನು ಓದಿ, ಏನೂ ಹಿಂಜರಿಯದೆ ‘ಜೇ ದೋರ್ಮಿ’ ಎಂದಳು. ಮಲಗಿಬಿಟ್ಟಿದ್ದೆ. ಟೀಚರ್ ಅದನ್ನೂ ಬರೆದು, ಪಕ್ಕದಲ್ಲಿ ‘ಪಾಸೆ ಕೋಂಪೋಸೆ’ ಎಂದು ಕಾಲದ ಹೆಸರು ಹಾಕಿದರು, ಅಂದರೆ ಆಗಿ ಹೋದದ್ದನ್ನು ಹೇಳುವ ಭೂತಕಾಲ.