ನೋಡಿದೆ ಸರ್, ಹೇಳಲಿಲ್ಲ

14 ಫೆಬ್ರವರಿ 2024, ಬುಧವಾರ
ಬೆಂಗಳೂರು, ರಾತ್ರಿ 9.40

ನಾನು ಪೈಲಟ್‌ಗಳಿಗೆ ತರಬೇತಿ ಕೊಡೋನು. ಬೆಳಗಿನ ಜಾವ 4ಕ್ಕೇ ಸಿಮ್ಯುಲೇಟರ್ ಸ್ಲಾಟ್, ಅಂದರೆ ನೆಲದ ಮೇಲೇ ವಿಮಾನ ಹಾರಿಸೋದನ್ನು ಅಭ್ಯಾಸ ಮಾಡಿಸುವ ಯಂತ್ರದಲ್ಲಿ. ಆ ಯಂತ್ರಕ್ಕೆ ಹಗಲು ರಾತ್ರಿ ಅನ್ನೋದಿಲ್ಲ, ಅದನ್ನು ನಂಬಿಕೊಂಡ ನಮಗೂ ಇಲ್ಲ. ಇವತ್ತು ಬಂದವರು ಇಬ್ಬರು. ಹತ್ತು ವರ್ಷದಿಂದ ಏರ್‌ಬಸ್ ಎ320 ವಿಮಾನ ಹಾರಿಸುತ್ತಿರುವ ಒಬ್ಬ ಕ್ಯಾಪ್ಟನ್. ಹೋದ ವರ್ಷವಷ್ಟೇ ಸೇರಿದ ಹಾಸನದ ಹುಡುಗಿ, ಕೋ-ಪೈಲಟ್.

ಕ್ಯಾಪ್ಟನ್ ಜೊತೆ ಮೊದಲೇ ಗುಟ್ಟಾಗಿ ಮಾತಾಡಿಕೊಂಡಿದ್ದೆ. ಇಳಿಯುವಾಗ ಸಾವಿರ ಅಡಿಯ ಕೆಳಗೆ ಆಟೋಥ್ರಸ್ಟ್ (ಎಂಜಿನ್ ಶಕ್ತಿಯನ್ನು ತಾನೇ ಹೊಂದಿಸುವ ವ್ಯವಸ್ಥೆ) ತೆಗೆದು ವೇಗ ಬೀಳೋಕೆ ಬಿಡಿ, ಏನೂ ಹೇಳಬೇಡಿ ಅಂತ. ಇರಬೇಕಾದ ವೇಗಕ್ಕಿಂತ 5 ನಾಟ್ (ವಿಮಾನದ ವೇಗದ ಅಳತೆ) ಕಡಿಮೆಯಾದರೆ ಪಕ್ಕದವರು "ಸ್ಪೀಡ್" ಅನ್ನಬೇಕು, ಅದು ನಿಯಮ. 5 ಆಯಿತು. 8 ಆಯಿತು. 12ಕ್ಕೆ ನಾನೇ ಸಿಮ್ಯುಲೇಟರ್ ನಿಲ್ಲಿಸಿದೆ.

"ಏನಮ್ಮಾ, ಸ್ಪೀಡ್ ನೋಡಲಿಲ್ವಾ?"

"ನೋಡಿದೆ ಸರ್. ಕ್ಯಾಪ್ಟನ್ ಸರ್ ಕೂಡ ನೋಡಿರ್ತಾರೆ ಅಂದ್ಕೊಂಡೆ."

ಬೈಯಲಿಲ್ಲ. ಕೋ-ಪೈಲಟ್ ಆಗಿದ್ದಾಗ ನಾನೂ ಇದೇ ಉತ್ತರ ಕೊಟ್ಟವನೇ.

ಹಾರಿಸುವವರ ಪಕ್ಕ ಕೂತವರ ಕೆಲಸಕ್ಕೆ ಹಿಂದೆ 'ಪೈಲಟ್ ನಾಟ್ ಫ್ಲೈಯಿಂಗ್' ಅಂತಿದ್ದರು. ಹಾರಿಸದೇ ಇರೋನು! ಹೆಸರೇ ಹಾಗಿದ್ದರೆ ಕೂತವನು ಏನು ಮಾಡಿಯಾನು? 2003ರಲ್ಲಿ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ತನ್ನ ಸೂಚನೆಯಲ್ಲಿ ಅದನ್ನು 'ಪೈಲಟ್ ಮಾನಿಟರಿಂಗ್', ಅಂದರೆ ನಿಗಾ ಇಡೋನು, ಅಂತ ಮಾಡಿತು. ಅದಕ್ಕೂ ಮೊದಲೇ, 1994ರಲ್ಲಿ, ಅಲ್ಲಿನ ಅಪಘಾತ ತನಿಖಾ ಸಂಸ್ಥೆ ಎನ್‌ಟಿಎಸ್‌ಬಿ ಪೈಲಟ್‌ಗಳ ತಪ್ಪಿನಿಂದಾದ 37 ಅಪಘಾತಗಳನ್ನು ಜಾಲಾಡಿತ್ತು. 31ರಲ್ಲಿ ಒಬ್ಬರ ತಪ್ಪನ್ನು ಇನ್ನೊಬ್ಬರು ಗಮನಿಸಿರಲಿಲ್ಲ, ಇಲ್ಲವೇ ತಡೆದಿರಲಿಲ್ಲ.

ಇವತ್ತಿನ ತಾರೀಕು ನೋಡಿದಿರಲ್ಲ. 1990ರ ಇದೇ ದಿನ ಮುಂಬೈಯಿಂದ ಬಂದ ಇಂಡಿಯನ್ ಏರ್‌ಲೈನ್ಸ್ 605, ಹೊಚ್ಚಹೊಸ ಎ320, ಎಚ್‌ಎಎಲ್ ರನ್‌ವೇ ಮುಟ್ಟುವ ಮುಂಚೆಯೇ ಗಾಲ್ಫ್ ಮೈದಾನಕ್ಕೆ ಬಿತ್ತು. 146 ಜನರಲ್ಲಿ 92 ಜನ ಹೋದರು. ಮಟಮಟ ಮಧ್ಯಾಹ್ನ, ಆಕಾಶ ನಿಚ್ಚಳ. ನಾನಾಗ ಆರನೇ ಕ್ಲಾಸು. ಮಾರನೇ ದಿನದ ಪೇಪರನ್ನು ಅಪ್ಪ ನಮ್ಮ ಕೈಗೆ ಕೊಡಲಿಲ್ಲ.

ವಿಮಾನ 'ಓಪನ್ ಡಿಸೆಂಟ್' ಅನ್ನೋ ಮೋಡ್‌ನಲ್ಲಿತ್ತು. ಅದರಲ್ಲಿ ಎಂಜಿನ್ ಐಡಲ್‌ಗೆ, ಅಂದರೆ ತೀರಾ ಕಡಿಮೆ ಶಕ್ತಿಗೆ, ಹೋಗಿ ಕೂತುಬಿಡುತ್ತದೆ, ವೇಗ ಹಿಡಿದಿಡೋದಿಲ್ಲ. ಎ320ಯಲ್ಲಿ ಆಟೋಥ್ರಸ್ಟ್ ಕೆಲಸ ಮಾಡುವಾಗ ಎಂಜಿನ್ ಶಕ್ತಿ ಹೆಚ್ಚು ಕಡಿಮೆ ಮಾಡುವ ಥ್ರಸ್ಟ್ ಲಿವರ್ ಅಲುಗಾಡೋದಿಲ್ಲ, ಹಾಗಾಗಿ ಕೈಗೆ ಏನೂ ಗೊತ್ತಾಗೋದಿಲ್ಲ. ಕಣ್ಣೇ ಹೇಳಬೇಕು. ಒಬ್ಬರು ತಮ್ಮ ಫ್ಲೈಟ್ ಡೈರೆಕ್ಟರ್ (ವಿಮಾನವನ್ನು ಹೇಗೆ ನಡೆಸಬೇಕು ಅಂತ ಪರದೆ ಮೇಲೆ ತೋರಿಸುವ ವ್ಯವಸ್ಥೆ) ಆಫ್ ಮಾಡಿದ್ದರು, ಇನ್ನೊಬ್ಬರದು ಆನ್ ಆಗಿಯೇ ಇತ್ತು. ಎರಡೂ ಆಫ್ ಆಗಿದ್ದರೆ ಎಂಜಿನ್ ತಾನೇ ವೇಗ ಕಾಯುತ್ತಿತ್ತು. ಗೊತ್ತಾಗುವಷ್ಟರಲ್ಲಿ ವೇಗ ಸುಮಾರು 25 ನಾಟ್ ಬಿದ್ದಿತ್ತು. ಐಡಲ್‌ನಿಂದ ಎಂಜಿನ್ ಮೇಲೇಳೋಕೆ ಒಂದಷ್ಟು ಸೆಕೆಂಡು ಬೇಕೇ ಬೇಕು. ಅಷ್ಟು ಎತ್ತರ ಉಳಿದಿರಲಿಲ್ಲ. ಆ ಸೀಟುಗಳಲ್ಲಿದ್ದವರೂ ನಮ್ಮ ನಿಮ್ಮ ಥರ ಕೆಲಸ ಗೊತ್ತಿದ್ದವರೇ. ಅದನ್ನು ಹುಡುಗರಿಗೆ ನಾನು ಒತ್ತಿ ಹೇಳುತ್ತೇನೆ.

ಕಣ್ಣಾಡಿಸೋದು ಕಲಿಸಬಹುದು. ಗಂಟೆಗಟ್ಟಲೆ ದಿಟ್ಟಿಸಿ ಕೂರೋದು ಯಾರಿಗೂ ಆಗಲ್ಲ. ಅಮ್ಮ ಹಾಲು ಕಾಯಿಸುವಾಗ ತರಕಾರಿ ಹೆಚ್ಚುತ್ತಲೇ ಇರುತ್ತಾಳೆ, ಉಕ್ಕುವ ಹೊತ್ತಿಗೆ ಸರಿಯಾಗಿ ಈಳಿಗೆಮಣೆ ಬಿಟ್ಟು ಏಳುತ್ತಾಳೆ, ಅಲ್ವಾ? ವಿಮಾನ ಏರುವಾಗ, ಇಳಿಯುವಾಗ, ಮೋಡ್ ಬದಲಾದಾಗ ಬರವಣಿಗೆ, ಕಂಪ್ಯೂಟರ್ ಕುಟ್ಟೋದು ಎಲ್ಲ ಪಕ್ಕಕ್ಕೆ. ಇದು ಎರಡು ಸೆಷನ್‌ನಲ್ಲಿ ಕೈಗೂಡುತ್ತದೆ.

ಬಾಯಿ ತೆರೆಸೋದೇ ಕಷ್ಟ. ಬ್ರೇಕ್‌ನಲ್ಲಿ ಕಾಫಿ ಕುಡಿಯುತ್ತಾ ಕೇಳಿದೆ, "ನಿಮ್ಮೂರ ಬಸ್ ಸ್ಟ್ಯಾಂಡಲ್ಲಿ ಬಸ್ ರಿವರ್ಸ್ ತಗೊಳ್ಳುವಾಗ ಕಂಡಕ್ಟರ್ ಏನ್ ಮಾಡ್ತಾನೆ?"

"ಹಿಂದೆ ನಿಂತು ಬಸ್ ಬಡೀತಾನೆ ಸರ್. ಹೋಲ್ಡಾನ್ ಅಂತ ಕೂಗ್ತಾನೆ."

"ಡ್ರೈವರ್ ಅವನಿಗಿಂತ ದೊಡ್ಡವನಾಗಿದ್ರೆ?"

ನಕ್ಕಳು. ಕ್ಯಾಪ್ಟನ್ನೂ ನಕ್ಕರು. ಅವರು ನಕ್ಕಿದ್ದು ಅವಳಿಗೆ ನನ್ನ ಪಾಠಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂತು ಅನಿಸುತ್ತೆ.

ಎರಡನೇ ಸಲ ಬೇರೆ ರನ್‌ವೇ, ಬೇರೆ ಗಾಳಿ. 6 ನಾಟ್ ಬೀಳುತ್ತಿದ್ದಂತೆ "ಸ್ಪೀಡ್" ಅಂದಳು, ಜೋರಾಗಿ. ಕ್ಯಾಪ್ಟನ್ ಬೇಕಂತಲೇ ಸುಮ್ಮನಿದ್ದರು. ಮತ್ತೆ "ಸ್ಪೀಡ್" ಅಂದಳು. ಅವರು ಆಗಲೂ ಮಾತಾಡಲಿಲ್ಲ. ಈಗ ಅವಳು "ಐ ಹ್ಯಾವ್ ಕಂಟ್ರೋಲ್" ಅಂದು ವಿಮಾನವನ್ನು ತನ್ನ ಕೈಗೆ ತಗೋಬೇಕಿತ್ತು. ಕೈ ವಿಮಾನ ನಡೆಸುವ ಹಿಡಿಕೆ, ಸೈಡ್‌ಸ್ಟಿಕ್‌ವರೆಗೆ ಹೋಯಿತು. ಹೋಗಿ, ವಾಪಸ್ ತೊಡೆ ಮೇಲೆ ಬಂತು.

ನಾಳೆಯೂ 4ಕ್ಕೇ ಸ್ಲಾಟ್. ಅಲ್ಲಿಂದಲೇ ಶುರು ಮಾಡಬೇಕು.