ಗುರುವಿನ ಸಮಾಧಿಯಿಂದ ಟಾಯ್ ಬೆಟ್ಟಕ್ಕೆ

ಬೀಜಿಂಗಿನಿಂದ ಬುಲೆಟ್ ರೈಲಿನಲ್ಲಿ ಎರಡು ಗಂಟೆ ಚಿಲ್ಲರೆ. ಚೀನಾದ ಪ್ರಾಚೀನ ಗುರು ಕನ್ಫ್ಯೂಷಿಯಸ್‌ನ ಊರು ಚೂಫು ಬಂದೇ ಬಿಟ್ಟಿತು. ಅವನ ದೇವಸ್ಥಾನದಲ್ಲಿ ಜನ ಜಾಸ್ತಿ. ಮುಖ್ಯ ಮಂಟಪದ ಎದುರು ಡ್ರ್ಯಾಗನ್ ಸುತ್ತಿಕೊಂಡ ಹತ್ತು ಕಲ್ಲುಕಂಬಗಳಿವೆ. ಚಕ್ರವರ್ತಿ ನೋಡಿ ಹೊಟ್ಟೆಕಿಚ್ಚು ಪಟ್ಟಾನೆಂದು, ಅವನು ಬಂದಾಗ ಇವಕ್ಕೆ ರೇಷ್ಮೆ ಬಟ್ಟೆ ಸುತ್ತುತ್ತಿದ್ದರಂತೆ. ಫೋಟೊ ತೆಗೆದು ಹೊರಟೆ. ನಾನು ನೋಡಬೇಕಿದ್ದದ್ದು ಸ್ಮಶಾನ.

ಗುರುವಿನ ಕಾಂಗ್ ಮನೆತನದ ಲಕ್ಷಕ್ಕೂ ಹೆಚ್ಚು ಜನ ಅಲ್ಲಿ ಮಲಗಿದ್ದಾರೆ. ಹುಲ್ಲು ಬೆಳೆದ ಒಂದು ದಿಬ್ಬ, ಎದುರಿಗೊಂದು ಕಲ್ಲು. ಗುರುವಿನ ಸಮಾಧಿ ಅಂದರೆ ಇಷ್ಟೇ. ಹತ್ತಿರ ಹೋದರೆ ಕಲ್ಲಿನಲ್ಲಿ ಬಿರುಕುಗಳು ಕಾಣುತ್ತವೆ. 1966ರಲ್ಲಿ, ಹಳೆಯದೆಲ್ಲ ಅಳಿಯಲಿ ಎಂದ ಮಾವೋನ ಸಾಂಸ್ಕೃತಿಕ ಕ್ರಾಂತಿಯ ಹುಡುಗರು ಒಡೆದದ್ದು. ಆಮೇಲೆ ಚೂರುಗಳನ್ನು ಕೂಡಿಸಿ ನಿಲ್ಲಿಸಿದ್ದಾರೆ.

ಪಕ್ಕದಲ್ಲೊಂದು ಪುಟ್ಟ ಕಟ್ಟಡ. ಗುರು ತೀರಿಕೊಂಡಾಗ ಶಿಷ್ಯರೆಲ್ಲ ಮೂರು ವರ್ಷ ಶೋಕ ಆಚರಿಸಿ ಹೊರಟರು. ಝಿಗೊಂಗ್ ಮಾತ್ರ ಇನ್ನೂ ಮೂರು ವರ್ಷ ಇಲ್ಲೇ ಗುಡಿಸಲು ಹಾಕಿಕೊಂಡು ಉಳಿದ. ನಾನೋ, ಅಪ್ಪನ ವೈಕುಂಠ ಸಮಾರಾಧನೆಯ ಮರುದಿನವೇ ಲ್ಯಾಪ್‌ಟಾಪ್ ತೆರೆದವನು. ಸ್ವಲ್ಪ ಹೊತ್ತು ಸುಮ್ನೆ ಕೂತೆ.

ಹೆತ್ತವರ ಮೇಲಿನ ಭಕ್ತಿಗೆ ಗುರುವಿನ ಪಂಥದವರು 'ಶ್ಯಾವ್' ಅನ್ನುತ್ತಾರೆ, ನಡೆನುಡಿಯ ಮರ್ಯಾದೆಗೆ, ಶಾಸ್ತ್ರ ಸಂಪ್ರದಾಯಕ್ಕೆ 'ಲೀ'. ಎಲ್ಲದರ ಬೇರು 'ರೆನ್', ಮನುಷ್ಯತ್ವ. ಆ ಅಕ್ಷರ ಬರೆಯುವುದು 'ಮನುಷ್ಯ'ನ ಪಕ್ಕ 'ಎರಡು' ಇಟ್ಟು. ಒಬ್ಬನೇ ಕೂತು ಒಳ್ಳೆಯವನಾಗೋದು ಕಷ್ಟ, ಅಲ್ವಾ? ಲೀ ಬಗ್ಗೆ ಅಷ್ಟು ಪಟ್ಟು ಹಿಡಿದ ಗುರುವೇ, ಸಾವಿನ ಮನೆಯಲ್ಲಿ ಶಾಸ್ತ್ರ ಅಚ್ಚುಕಟ್ಟಾಗಿರೋದಕ್ಕಿಂತ ದುಃಖ ನಿಜವಾಗಿರಲಿ ಅಂದಿದ್ದ. ನನಗೆ ಅವನು ಇಷ್ಟವಾದದ್ದು ಅಲ್ಲಿ.

ಮರುದಿನ ಟಾಯ್ ಬೆಟ್ಟ. ಎತ್ತರ 1,545 ಮೀಟರ್, ಆರು ಸಾವಿರಕ್ಕೂ ಹೆಚ್ಚು ಮೆಟ್ಟಿಲು. ತುದಿಯಲ್ಲಿ ಚೀನಾದ ಇನ್ನೊಂದು ಹಳೆಯ ಪಂಥವಾದ ಟಾವೊದ ದೇವರು ಜೇಡ್ ಚಕ್ರವರ್ತಿಯ ಗುಡಿ. ಸತ್ತವರ ಆತ್ಮ ಬರುವುದು ಇಲ್ಲಿಗೇ ಎಂದು ಹಳಬರ ನಂಬಿಕೆ.

ಅರ್ಧ ದಾರಿಗೇ ನನ್ನ ಮಂಡಿ ಸೋತಿತು. ಅಡ್ಡೆ ಹೊತ್ತ ಕೂಲಿಯೊಬ್ಬ ಮೆಟ್ಟಿಲಿನ ಈ ತುದಿಯಿಂದ ಆ ತುದಿಗೆ ಓರೆಯಾಗಿ ಹತ್ತುತ್ತಿದ್ದ. ದಾರಿ ಉದ್ದವಾಗುತ್ತದೆ, ಆದರೆ ಬೆಟ್ಟದ ಜೊತೆ ಜಗಳವಿಲ್ಲ. ಟಾವೊದವರು 'ವು ವೇ', ಅಕ್ಷರಶಃ 'ಏನೂ ಮಾಡದಿರುವುದು', ಅನ್ನುವುದನ್ನು ನಾನು ಕೈಕಟ್ಟಿ ಕೂರುವುದು ಅಂದುಕೊಂಡಿದ್ದೆ. ಇವನ ಬೆವರು ನೋಡಿದ ಮೇಲೆ ಹಾಗನ್ನಿಸಲಿಲ್ಲ. ನಾನೂ ಓರೆಯಾಗಿ ಹತ್ತಿದೆ.

ಅದೇ ಪಂಥದ ಹಳೆಯ ಚಿಂತಕ ಝುವಾಂಗ್‌ಝಿ, ಹೆಂಡತಿ ಸತ್ತಾಗ ಪಾತ್ರೆ ಬಡಿಯುತ್ತ ಹಾಡುತ್ತಿದ್ದನಂತೆ. ಮೊದಲು ತನಗೂ ದುಃಖವಾಯಿತು, ಆಮೇಲೆ ಋತು ತಿರುಗಿದ ಹಾಗೆ ಹೋದಳು ಅನ್ನಿಸಿತು ಅಂದನಂತೆ. ಚೂಫುವಿನ ಗುಡಿಸಲು ಎಲ್ಲಿ, ಈ ಪಾತ್ರೆ ಎಲ್ಲಿ!

ಇಳಿಯುವಾಗ ಅಪ್ಪ ಬಚ್ಚಲುಮನೆಯಲ್ಲಿ ಗುನುಗುತ್ತಿದ್ದ ಹಾಡು ಬಾಯಿಗೆ ಬಂತು. ಪಲ್ಲವಿ ಮಾತ್ರ ನೆನಪಿತ್ತು. ಅದನ್ನೇ ತಿರುಗಿ ತಿರುಗಿ ಹಾಡಿಕೊಂಡು ಇಳಿದೆ.