ಶ್ವಾನದಳ ಭೇಟಿ ನೀಡಿ ಪರಿಶೀಲಿಸಿತು

ಕಳ್ಳತನದ ಸುದ್ದಿ ಯಾವ ಊರಿನದಾದರೂ ಪತ್ರಿಕೆಯಲ್ಲಿ ಕೊನೆಯ ಸಾಲು ಒಂದೇ: ‘ಶ್ವಾನದಳ ಹಾಗೂ ಬೆರಳಚ್ಚು ತಜ್ಞರು ಸ್ಥಳಕ್ಕೆ ಭೇಟಿ ನೀಡಿ ಪರಿಶೀಲಿಸಿದರು.’ ನಾಯಿ ಎಲ್ಲಿಯವರೆಗೆ ಹೋಯಿತು, ಯಾಕೆ ನಿಂತಿತು ಅನ್ನುವುದು ಅಲ್ಲಿ ಬರುವುದಿಲ್ಲ. ಊರವರ ಲೆಕ್ಕದಲ್ಲಿ ಕಳ್ಳನ ಮನೆ ಬಾಗಿಲಿಗೆ ಹೋಗಿ ನಿಂತರೆ ನಾಯಿ ಪಾಸು, ಬಸ್ ಸ್ಟಾಪಿನಲ್ಲಿ ನಿಂತರೆ ಫೇಲು. ಮೂಗು ಕೈಕೊಡುವುದು ಅಪರೂಪ. ಹೆಚ್ಚಾಗಿ ಕೆಲಸ ಕೆಡಿಸುವವರು ಮನುಷ್ಯರು: ಮೊದಲು ಸ್ಥಳಕ್ಕೆ ನುಗ್ಗಿದವರು, ಆಮೇಲೆ ಹಗ್ಗ ಹಿಡಿದವರು.

ಶ್ವಾನದಳದಲ್ಲಿ ಒಂದು ನಾಯಿಗೆ ಒಂದೇ ಕೆಲಸ. ಅಪರಾಧ ಪತ್ತೆಯ ಟ್ರ್ಯಾಕರ್ ಬೇರೆ, ಸ್ಫೋಟಕದ ನಾಯಿ ಬೇರೆ, ಗಾಂಜಾ ಹುಡುಕುವುದು ಬೇರೆ. ಬ್ಯಾಗಿನ ಮುಂದೆ ನಾಯಿ ಕೂತಾಗ ಅದನ್ನು ಬಿಚ್ಚಬೇಕೋ, ಜನರನ್ನು ದೂರ ಕಳಿಸಿ ಬಾಂಬ್ ನಿಷ್ಕ್ರಿಯ ದಳವನ್ನು ಕರೆಯಬೇಕೋ ಅನ್ನುವ ಅನುಮಾನ ನಾಯಿಯನ್ನು ನಡೆಸುವ ಹ್ಯಾಂಡ್ಲರ್‌ಗೆ ಬರಬಾರದು. ಮಾಲು ಸಿಡಿಯದಿರಲೆಂದು ಸ್ಫೋಟಕದ ನಾಯಿ ಬೊಗಳುವಂತಿಲ್ಲ, ಕೆರೆಯುವಂತಿಲ್ಲ. ವಾಸನೆ ಸಿಕ್ಕ ಕಡೆ ಸುಮ್ಮನೆ ಕೂರಬೇಕು. ನಾಯಿಗೆ ಒಬ್ಬ ಮುಖ್ಯ ಹ್ಯಾಂಡ್ಲರ್, ಜೊತೆಗೆ ಒಬ್ಬ ಸಹಾಯಕ. ಮುಖ್ಯ ಹ್ಯಾಂಡ್ಲರ್ ರಜೆ ಹಾಕಿದ ದಿನ ನಾಯಿಗೂ ರಜೆಯಾಗಬಾರದಲ್ಲ.

ಜಾಡಿನ ಪಾಠ ಹುಲ್ಲಿನ ಮೇಲೆ ಶುರುವಾಗುತ್ತದೆ. ಒಬ್ಬ ನೆಟ್ಟಗೆ 50 ಹೆಜ್ಜೆ ನಡೆದು, ಕೊನೆಯಲ್ಲಿ ಚೆಂಡನ್ನೋ ತಿಂಡಿಯನ್ನೋ ಇಟ್ಟು, ಬೇರೆ ದಾರಿಯಿಂದ ವಾಪಸಾಗುತ್ತಾನೆ. ಗಾಳಿ ಬೆನ್ನಿಗೆ ಬೀಸುವಂತೆ ದಿಕ್ಕು ಆರಿಸಬೇಕು. ಎದುರುಗಾಳಿಯಿದ್ದರೆ ನಾಯಿ ತಲೆ ಎತ್ತಿ ತಿಂಡಿಯ ವಾಸನೆಯನ್ನೇ ಹಿಡಿದು ಓಡುತ್ತದೆ, ನೆಲ ಮೂಸುವುದನ್ನು ಕಲಿಯುವುದೇ ಇಲ್ಲ. ನೆಟ್ಟಗಿನದು ಪಳಗಿದ ಮೇಲೆ ಒಂದು ತಿರುವು, ಆಮೇಲೆ ಎರಡು. 15 ನಿಮಿಷ ಹಳೆಯ ಜಾಡು, ಅರ್ಧ ಗಂಟೆಯದು, ಒಂದು ಗಂಟೆಯದು. ನಂತರ ಇನ್ನೊಬ್ಬರು ಅಡ್ಡ ದಾಟಿದ ಜಾಡು. ಕಟ್ಟಕಡೆಗೆ ಮಣ್ಣು ರಸ್ತೆ, ಕಾಂಕ್ರೀಟು, ಡಾಂಬರು. ಒಂದೇ ದಿನ ಎರಡು ಹೊಸ ಕಷ್ಟ ಸೇರಿಸಿದರೆ ನಾಯಿ ಎಲ್ಲಿ ಎಡವಿತು ಎಂದೇ ತಿಳಿಯುವುದಿಲ್ಲ. ಟ್ರ್ಯಾಕಿಂಗಿಗೆ ಹಾರ್ನೆಸ್ (ಎದೆಗೆ ತೊಡಿಸುವ ಪಟ್ಟಿ) ಹಾಕಿ ಸುಮಾರು 10 ಮೀಟರ್ ಉದ್ದದ ಹಗ್ಗ ಕಟ್ಟುತ್ತಾರೆ. ಕೊರಳಪಟ್ಟಿಗೆ ಕಟ್ಟಿದರೆ ಮುಂದಕ್ಕೆ ಎಳೆದಾಗಲೆಲ್ಲ ಕುತ್ತಿಗೆ ಬಿಗಿದು ತಲೆ ಮೇಲೇಳುತ್ತದೆ, ಉಸಿರೂ ಕಟ್ಟುತ್ತದೆ. ಹಾರ್ನೆಸ್ ಏರಿತು ಅಂದರೆ ಜಾಡಿನ ಕೆಲಸ ಎಂದು ನಾಯಿಗೂ ಗೊತ್ತಾಗುತ್ತದೆ.

ಅದು ಹಿಂಬಾಲಿಸುವುದಾದರೂ ಏನನ್ನು? ನಮ್ಮ ಮೈಯಿಂದ ಸದಾ ಉದುರುವ ಚರ್ಮದ ಸೂಕ್ಷ್ಮ ಚೂರು, ಬೆವರು, ಜೊತೆಗೆ ಕಾಲಡಿ ಜಜ್ಜಿದ ಹುಲ್ಲು ಮತ್ತು ಕೆದರಿದ ಮಣ್ಣಿನ ವಾಸನೆ. ತೇವ, ತಂಪು, ನೆರಳು ಇದ್ದಲ್ಲಿ ಇದು ನಿಲ್ಲುತ್ತದೆ. ಬಿಸಿಲಿಗೆ ಕಾದ ಡಾಂಬರಿನಲ್ಲಿ ಬೇಗ ಆರುತ್ತದೆ, ಸುರಿಮಳೆ ತೊಳೆದುಬಿಡುತ್ತದೆ. ಬೆಳಗಿನ 6 ಗಂಟೆಗೆ ಗದ್ದೆ ಬದುವಿನ ಮೇಲೆ ಸಲೀಸಾಗಿ ಓಡುವ ಅದೇ ನಾಯಿ ಮಧ್ಯಾಹ್ನ ಪೇಟೆ ಬೀದಿಯಲ್ಲಿ ತಡವರಿಸುವುದು ಇದಕ್ಕೇ. 2019ರಲ್ಲಿ ದಾವಣಗೆರೆ ಶ್ವಾನದಳದ ತುಂಗಾ ಎಂಬ ಡಾಬರ್‌ಮನ್ ಕೊಲೆ ಪ್ರಕರಣವೊಂದರಲ್ಲಿ 10 ಕಿಲೋಮೀಟರಿಗೂ ಮಿಕ್ಕಿ ಓಡಿ ಸುದ್ದಿಯಾಗಿತ್ತು. ಅಂಥದ್ದು ಆಗುತ್ತದೆ, ದಿನಾ ಆಗುವುದಿಲ್ಲ.

ಆದರೆ ನಾಯಿ ಬರುವ ಹೊತ್ತಿಗೆ ಸ್ಥಳ ಹೇಗಿರುತ್ತದೆ ನೋಡಿ. ಬೀರು ಒಡೆದ ಕೋಣೆಯಲ್ಲಿ ನೆಂಟರಿಷ್ಟರೆಲ್ಲ ಓಡಾಡಿದ್ದಾರೆ, ಯಾರೋ ನೆಲ ಒರೆಸಿದ್ದಾರೆ, ಕಳ್ಳ ಬಿಟ್ಟುಹೋದ ಟವಲನ್ನು ನಾಲ್ಕು ಜನ ಎತ್ತಿ ನೋಡಿದ್ದಾರೆ. ಅದನ್ನು ಮೂಸಿದ ನಾಯಿ ನಾಲ್ವರಲ್ಲಿ ಒಬ್ಬರ ಕಡೆ ತಿರುಗಿದರೆ ತಪ್ಪು ಯಾರದು? ಮೊದಲು ಬಂದ ಪೇದೆ ಮಾಡಬೇಕಾದ್ದು ಇಷ್ಟು: ಕೋಣೆ ಮುಚ್ಚುವುದು, ಫ್ಯಾನ್ ಹಾಕಲು ಬಿಡದಿರುವುದು, ಯಾರು ಯಾರು ಒಳಗೆ ಹೋಗಿದ್ದರು ಎಂದು ಬರೆದಿಡುವುದು, ವಸ್ತುಗಳನ್ನು ಮುಟ್ಟದಿರುವುದು. ಎತ್ತಲೇಬೇಕಾದರೆ ಚಿಮಟದಿಂದ ಎತ್ತಿ ಶುದ್ಧವಾದ ಡಬ್ಬಿಗೆ ಹಾಕುವುದು. ವಸ್ತುವೇ ಇಲ್ಲದಿದ್ದರೆ ಕಳ್ಳ ಕೈಯಿಟ್ಟ ಕಿಟಕಿ ಸರಳಿನ ಮೇಲೆ ಶುಭ್ರ ಗಾಜ್ ಬಟ್ಟೆ (ಗಾಯಕ್ಕೆ ಕಟ್ಟುವ ತೆಳುಬಟ್ಟೆ) ಒತ್ತಿಟ್ಟು ವಾಸನೆ ಎತ್ತಿಕೊಳ್ಳಬಹುದು. ಬೆರಳಚ್ಚಿನವರ ಜೊತೆ ಮಾತಾಡಿಕೊಂಡು, ಯಾಕೆಂದರೆ ಅವರಿಗೆ ಬೇಕಾದ್ದೂ ಅದೇ ಸರಳು.

ಖಾರದ ಪುಡಿ ಎರಚಿ ಹೋದರೆ ನಾಯಿ ಕೆಲಸಕ್ಕೆ ಬಾರದು ಎಂದು ಕಳ್ಳರು ನಂಬಿದ್ದಾರೆ. ಪುಡಿಯ ಮೇಲೇ ಮೂಗು ಇಟ್ಟರೆ ನಾಯಿ ಸೀನಿ ಹಿಂದೆ ಸರಿಯುವುದು ನಿಜ. ಹಾಗಾಗಿ ಪುಡಿ ಬಿದ್ದ ಜಾಗವನ್ನು ಬಿಟ್ಟು, 20–30 ಅಡಿ ಆಚೆ ಅರ್ಧ ಸುತ್ತು ಹಾಕಿಸಿ ಹೊರಹೋದ ಜಾಡು ಹುಡುಕಿಸುತ್ತಾರೆ.

ಇನ್ನು ಹಗ್ಗ ಹಿಡಿದವರ ವಿಷಯ. ತಿರುವಿನಲ್ಲಿ ನಾಯಿ ಗಾಳಿಯ ಸೆಳೆತಕ್ಕೆ ನಾಲ್ಕು ಹೆಜ್ಜೆ ಮುಂದೆ ಹೋಗಿ ತಲೆ ಎತ್ತುತ್ತದೆ, ಬಾಲದ ಆಟ ನಿಲ್ಲುತ್ತದೆ, ಹಗ್ಗ ಸಡಿಲಾಗುತ್ತದೆ. ಆಗ ಹ್ಯಾಂಡ್ಲರ್ ನಿಂತಲ್ಲೇ ನಿಂತು ನಾಯಿಗೆ ಸುತ್ತು ಹೊಡೆಯಲು ಬಿಡಬೇಕು. ಹೊಸಬರು ಮಾಡುವುದು ಇದರ ತಿರುಗುಮುರುಗು: ‘ಕಳ್ಳ ಈ ಕಡೆಯೇ ಹೋಗಿರಬೇಕು’ ಎಂದುಕೊಂಡು ಅತ್ತ ಒಂದು ಹೆಜ್ಜೆ ಇಡುತ್ತಾರೆ. ಯಜಮಾನನ ಹೆಜ್ಜೆ ಕಂಡ ನಾಯಿ ಅತ್ತಲೇ ಹೊರಡುತ್ತದೆ. ನೋಡುವವರಿಗೆ ನಾಯಿಯೇ ದಾರಿ ತೋರಿಸಿದಂತಿರುತ್ತದೆ. ಇನ್ಸ್‌ಪೆಕ್ಟರ್ ಮೊದಲೇ ‘ಅನುಮಾನ ಇಂಥವನ ಮೇಲೆ’ ಎಂದು ಹ್ಯಾಂಡ್ಲರ್ ಕಿವಿಗೆ ಹಾಕಿದ್ದರಂತೂ ಮುಗಿಯಿತು.

ಇದು ಬರೀ ಊಹೆಯಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನವರು 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮಾದಕವಸ್ತು, ಸ್ಫೋಟಕ ಪತ್ತೆಯ 18 ನಾಯಿ-ಹ್ಯಾಂಡ್ಲರ್ ಜೋಡಿಗಳಿದ್ದವು. ಕೆಂಪು ಕಾಗದ ಅಂಟಿಸಿದ ಕಡೆ ಮಾಲು ಇದೆ ಎಂದು ಹ್ಯಾಂಡ್ಲರ್‌ಗಳಿಗೆ ಹೇಳಲಾಗಿತ್ತು. ಅಸಲಿಗೆ ಕಟ್ಟಡದಲ್ಲಿ ಎಲ್ಲೂ ಏನೂ ಇರಲಿಲ್ಲ. ಒಟ್ಟು 144 ಸುತ್ತು ಹುಡುಕಾಟದಲ್ಲಿ ‘ಏನೂ ಇಲ್ಲ’ ಎಂದು ಸರಿಯಾಗಿ ಮುಗಿದದ್ದು 21. ಉಳಿದ ಸುತ್ತುಗಳಲ್ಲಿ 225 ಸಲ ‘ಸಿಕ್ಕಿತು’ ಎಂಬ ಸುಳ್ಳು ಸೂಚನೆ.

ಇದಕ್ಕೆ ಮದ್ದು ತರಬೇತಿಯಲ್ಲೇ ಇದೆ. ಸ್ಫೋಟಕದ ನಾಯಿಗೆ ಸಾಲಾಗಿ ಡಬ್ಬಿಗಳನ್ನಿಟ್ಟು ಒಂದರಲ್ಲಿ ಮಾತ್ರ ಮಾಲು ಇಡುತ್ತಾರೆ. ಮೂಸಿ ಕೂತರೆ ಚೆಂಡು. ಇಲ್ಲಿ ನಾಯಿ ಕಲಿಯುವ ಅಡ್ಡದಾರಿಗಳು ಹಲವು. ಮಾಲಿರುವ ಡಬ್ಬಿಯನ್ನು ಮಾತ್ರ ಗ್ಲೌಸ್ ಹಾಕಿ ಮುಟ್ಟಿದ್ದರೆ ಅದು ಗ್ಲೌಸಿನ ವಾಸನೆಗೆ ಕೂರುತ್ತದೆ, ಟೇಪ್ ಸುತ್ತಿದ್ದರೆ ಟೇಪಿಗೆ. ಆದ್ದರಿಂದ ಖಾಲಿ ಡಬ್ಬಿಗಳಿಗೂ ಅದೇ ಗ್ಲೌಸು, ಅದೇ ಟೇಪು. ಜಿಲೆಟಿನ್‌ನಂಥ ಕಡುವಾಸನೆಯ ಮಾಲನ್ನು ಉಳಿದವುಗಳ ಜೊತೆ ಒಂದೇ ಪೆಟ್ಟಿಗೆಯಲ್ಲಿಟ್ಟರೆ ಎಲ್ಲಕ್ಕೂ ಅದರ ವಾಸನೆ ಹತ್ತಿ ನಾಯಿಗೆ ಕಲಬೆರಕೆಯೇ ಪಾಠವಾಗುತ್ತದೆ. ದಿನಾ 20 ಗ್ರಾಮಿನಲ್ಲೇ ಕಲಿಸಿದರೆ ಮುಂದೆ 5 ಕಿಲೋ ಎದುರಾದಾಗ ಗೊಂದಲಕ್ಕೆ ಬೀಳುತ್ತದೆ, ಪ್ರಮಾಣ ಬದಲಿಸುತ್ತಿರಬೇಕು. ಎಲ್ಲಕ್ಕಿಂತ ಮುಖ್ಯ, ಮಾಲು ಎಲ್ಲಿದೆಯೆಂದು ಹ್ಯಾಂಡ್ಲರ್‌ಗೂ, ಪಕ್ಕದಲ್ಲಿ ನಿಂತವರಿಗೂ ಗೊತ್ತಿರಬಾರದು. ನಡುನಡುವೆ ಮಾಲೇ ಇಲ್ಲದ ಕೋಣೆಗಳೂ ಬೇಕು. ಇಂಥ ಕೋಣೆಯಿಂದ ಕೂರದೆ ಹೊರಬರುವ ನಾಯಿಯ ಮೇಲೆ ನನಗೆ ಹೆಚ್ಚು ನಂಬಿಕೆ.

ಬಿಸಿಲಲ್ಲಿ ಇನ್ನೊಂದು ತೊಡಕು: ಬಾಯಿ ತೆರೆದು ಏದುವ ನಾಯಿ ಸರಿಯಾಗಿ ಮೂಸಲಾರದು. 20–30 ನಿಮಿಷಕ್ಕೊಮ್ಮೆ ನೆರಳು, ನೀರು, ವಿಶ್ರಾಂತಿ ಬೇಕು. ಮೈಶಾಖ 101–102.5 ಡಿಗ್ರಿ ಫ್ಯಾರನ್‌ಹೀಟ್ ಇರಬೇಕಾದ್ದು. 106 ಮುಟ್ಟಿದರೆ ಜೀವಕ್ಕೇ ಅಪಾಯ. ಹೊಟ್ಟೆ ತುಂಬ ತಿಂದ ಕೂಡಲೇ ಓಡಿಸಿದರೆ ದೊಡ್ಡ ತಳಿಗಳಲ್ಲಿ ಹೊಟ್ಟೆಯುಬ್ಬರ ಬಂದು ಜಠರ ತಿರುಚಿಕೊಳ್ಳಬಹುದು.

ಬಸ್ ಸ್ಟಾಪಿನಲ್ಲಿ ನಿಂತ ನಾಯಿಯೂ ಸುಳಿವು ಕೊಟ್ಟೇ ಹೋಗಿರುತ್ತದೆ. ಅಲ್ಲಿಂದ ವಾಹನ ಹತ್ತಿರಬಹುದು. ಯಾವ ಅಂಗಡಿಯ ಸಿಸಿಟಿವಿ ನೋಡಬೇಕೆಂದು ಗೊತ್ತಾಯಿತು. ನ್ಯಾಯಾಲಯವೂ ನಾಯಿಯಿಂದ ಇದಕ್ಕಿಂತ ಹೆಚ್ಚು ಕೇಳುವುದಿಲ್ಲ. ಮಿರಜ್ ಬಳಿ ರೈಲು ಹಳಿ ತಪ್ಪಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1969ರಲ್ಲೇ ನಾಯಿ ಜಾಡಿನ ಸಾಕ್ಷ್ಯಕ್ಕೆ ಹೆಚ್ಚು ತೂಕ ಕೊಡಲಾಗದು ಎಂದಿತು. 2001ರ ಇನ್ನೊಂದು ತೀರ್ಪು ನಾಯಿಯ ನಡವಳಿಕೆಯನ್ನು ತಪ್ಪಾಗಿ ಅರ್ಥ ಮಾಡಿಕೊಳ್ಳುವ ಅಪಾಯವನ್ನೂ ಎತ್ತಿ ಹೇಳಿತು. ಹ್ಯಾಂಡ್ಲರ್ ಕಟಕಟೆ ಹತ್ತಿದಾಗ ಕೇಳುವ ಪ್ರಶ್ನೆಗಳು ಇವೇ: ಏನು ಮೂಸಿಸಿದಿರಿ, ಅದನ್ನು ಯಾರು ಎತ್ತಿದ್ದರು, ಘಟನೆಯಾಗಿ ಎಷ್ಟು ಹೊತ್ತಾಗಿತ್ತು, ನಾಯಿ ಎಲ್ಲೆಲ್ಲಿ ತಡವರಿಸಿತು, ತರಬೇತಿಯಲ್ಲಿ ಎಷ್ಟು ಸಲ ತಪ್ಪಿದೆ. ಇವನ್ನು ಅವತ್ತೇ, ಕೆನಲ್ಲಿಗೆ (ನಾಯಿಮನೆಗೆ) ವಾಪಸಾದ ಕೂಡಲೇ, ತಪ್ಪಿದ ಸಲಗಳನ್ನೂ ಸೇರಿಸಿ ಪುಸ್ತಕದಲ್ಲಿ ಬರೆದಿಡಬೇಕು.